ನಾಲಿಗೆಗೆ ಸಿಗದ ಉಪ್ಪು

ಬಿ.ಪಿ. ಹತೋಟಿಗೆ ಬಾರದೆ ಎರಡನೆಯ, ಮೂರನೆಯ ಮಾತ್ರೆ ಸೇರಿಸಬೇಕಾಗಿ ಬಂದಾಗ ಉಪ್ಪಿನ ಬಗ್ಗೆ ಕೇಳಿದರೆ ಬಹುತೇಕರ ಉತ್ತರ ಒಂದೇ: ‘ಊಟಕ್ಕೆ ಕೂತಾಗ ಮೇಲೆ ಉಪ್ಪು ಹಾಕ್ಕೊಳ್ಳೋದೇ ಇಲ್ಲ ಡಾಕ್ಟ್ರೇ.’ ಅವರು ಹೇಳುವುದು ಸುಳ್ಳಲ್ಲ. ಉಪ್ಪಿನ ಡಬ್ಬಿಯನ್ನು ಊಟದ ಜಾಗದಿಂದ ಎತ್ತಿಟ್ಟ ಮೇಲೆ ಲೆಕ್ಕ ಮುಗಿಯಿತು ಅಂದುಕೊಂಡಿರುತ್ತಾರೆ, ಅಷ್ಟೆ. ಆದರೆ ಹೊಟ್ಟೆಗೆ ಎಷ್ಟು ಉಪ್ಪು ಇಳಿಯುತ್ತಿದೆ ಎಂದು ನಾಲಿಗೆಯನ್ನು ಕೇಳಿ ಪ್ರಯೋಜನವಿಲ್ಲ. ಕೂಡಿಸಿಯೇ ನೋಡಬೇಕು.

ಕೂಡಿಸುವುದಕ್ಕೆ ಬೇಕಾದ ಲೆಕ್ಕ ಸಣ್ಣದು. ಅಡುಗೆ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಸುಮಾರು ಶೇ 40 ಸೋಡಿಯಂ. ಅಂದರೆ 1 ಗ್ರಾಂ ಉಪ್ಪಿಗೆ ಸುಮಾರು 400 ಮಿ.ಗ್ರಾಂ ಸೋಡಿಯಂ. ಸೋಡಿಯಂ ಗೊತ್ತಿದ್ದರೆ 2.5ರಿಂದ ಗುಣಿಸಿ, ಉಪ್ಪಿನ ತೂಕ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಮಿತಿ ದಿನಕ್ಕೆ 2,000 ಮಿ.ಗ್ರಾಂ ಸೋಡಿಯಂಗಿಂತ ಕಡಿಮೆ, ಅಂದರೆ ಉಪ್ಪು 5 ಗ್ರಾಂ ಒಳಗೆ. ಒಂದು ಟೀ ಚಮಚ ಪುಡಿಯುಪ್ಪನ್ನು ಮಟ್ಟಸವಾಗಿ ಅಳೆದರೇ 6 ಗ್ರಾಂ ಆಸುಪಾಸು ತೂಗುತ್ತದೆ. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ವಯಸ್ಕರ ಸರಾಸರಿ ಸೇವನೆ 4,310 ಮಿ.ಗ್ರಾಂ ಸೋಡಿಯಂ, ಮಿತಿಯ ಎರಡು ಪಟ್ಟಿಗೂ ಹೆಚ್ಚು.

ಈಗ ನಾಲಿಗೆ ಎಲ್ಲಿ ಮೋಸಹೋಗುತ್ತದೆ ನೋಡೋಣ. ಚಿಪ್ಸ್‌ನ ಉಪ್ಪು ಮೇಲ್ಮೈಯಲ್ಲೇ ಅಂಟಿಕೊಂಡಿರುವುದರಿಂದ ಬಾಯಿಗಿಟ್ಟೊಡನೆ ಕರಗಿ ಚುರುಕಾಗಿ ಹತ್ತುತ್ತದೆ. ಬ್ರೆಡ್ಡಿನ ಉಪ್ಪು ಹಿಟ್ಟಿನೊಳಗೆ ಬೆರೆತು ಕೂತಿರುತ್ತದೆ. ಅಗಿದು ನುಂಗುವಷ್ಟರಲ್ಲಿ ಅದರ ಒಂದಷ್ಟು ಪಾಲು ಮಾತ್ರ ನಾಲಿಗೆಗೆ ತಾಗುತ್ತದೆ. 30 ಗ್ರಾಂ ಚಿಪ್ಸ್‌ನಲ್ಲಿ ಸಾಮಾನ್ಯವಾಗಿ 150 ಮಿ.ಗ್ರಾಂ ಆಸುಪಾಸು ಸೋಡಿಯಂ ಇದ್ದರೆ, ಎರಡು ಹೋಳು ಬ್ರೆಡ್‌ನಲ್ಲಿ 250ರಿಂದ 300 ಇರುತ್ತದೆ. ಚಿಪ್ಸ್ ತಿಂದಾಗ ತಪ್ಪು ಮಾಡಿದೆವು ಅನ್ನಿಸುತ್ತದೆ, ಬ್ರೆಡ್ ತಿಂದಾಗ ಅನ್ನಿಸುವುದಿಲ್ಲ. ಸಿಹಿ ಬಿಸ್ಕತ್ತು, ಕೇಕು, ಕಾರ್ನ್‌ಫ್ಲೇಕ್ಸ್ ಇವುಗಳಲ್ಲಿ ಸಕ್ಕರೆ ಉಪ್ಪನ್ನು ಮುಚ್ಚಿಬಿಡುತ್ತದೆ. ಕೆಚಪ್‌ನಲ್ಲಿ ಹುಳಿಯೂ ಸಿಹಿಯೂ ಸೇರಿ ಮುಚ್ಚುತ್ತವೆ.

ಯಾರ ಕಣ್ಣಿಗೂ ಉಪ್ಪು ಕಾಣದ ಒಂದು ದಿನವನ್ನು ಕೂಡಿಸಿ: ನಾಲ್ಕು ಹೋಳು ಬ್ರೆಡ್ 600, ಎರಡು ಚೀಸ್ ಸ್ಲೈಸ್ 500, ಎರಡು ಟೇಬಲ್ ಚಮಚ ಕೆಚಪ್ 300, ಪೊಟ್ಟಣದ ಸೂಪ್ ಒಂದು ಬಟ್ಟಲು 700. ಒಟ್ಟು 2,100 ಮಿ.ಗ್ರಾಂ. ಮನೆಯ ಅಡುಗೆಗೆ ಇನ್ನೂ ಒಂದು ಹರಳೂ ಬಿದ್ದಿಲ್ಲ, ದಿನದ ಪಾಲು ಆಗಲೇ ಮುಗಿದಿದೆ. ಬ್ರಾಂಡಿನಿಂದ ಬ್ರಾಂಡಿಗೆ ಈ ಅಂಕಿಗಳು ಬಹಳ ಏರುಪೇರಾಗುತ್ತವೆ. ಹಾಗಾಗಿಯೇ ಬ್ರೆಡ್ ಬಿಡಿ ಎನ್ನುವುದಕ್ಕಿಂತ ನಾಲ್ಕು ಬ್ರೆಡ್‌ಗಳ ಲೇಬಲ್ ಹೋಲಿಸಿ ಕಡಿಮೆಯದನ್ನು ಆರಿಸಿ ಎನ್ನುವ ಸಲಹೆ ಹೆಚ್ಚು ದಿನ ಬಾಳುತ್ತದೆ.

ಲೇಬಲ್ ಓದುವಲ್ಲಿ ಎಡವುವುದು ಎರಡು ಕಡೆ. ಕೆಲವು ದೇಶಗಳ ಲೇಬಲ್‌ನಲ್ಲಿ ಸೋಡಿಯಂ ಮಿಲಿಗ್ರಾಂನಲ್ಲಿರುತ್ತದೆ, ಯುರೋಪಿನಂಥ ಕಡೆ ಉಪ್ಪು ಗ್ರಾಂನಲ್ಲಿ. 1.2 ಎಂದು ಕಂಡು ‘ಇಷ್ಟೇನಾ’ ಎಂದು ಬುಟ್ಟಿಗೆ ಹಾಕಿದರೆ 480 ಮಿ.ಗ್ರಾಂ ಸೋಡಿಯಂ ಮನೆಗೆ ಬಂದಂತೆ. ಇನ್ನೊಂದು, ‘ಒಂದು ಸರ್ವಿಂಗ್’, ಅಂದರೆ ಒಂದು ಸಲಕ್ಕೆ ತಿನ್ನುವುದು ಇಷ್ಟು ಎಂದು ಲೇಬಲ್ ಇಟ್ಟುಕೊಂಡ ಅಳತೆ. ಪೊಟ್ಟಣದಲ್ಲಿ ಎರಡೂವರೆ ಸರ್ವಿಂಗ್ ಇದ್ದು ನೀವು ಇಡೀ ಪೊಟ್ಟಣ ಖಾಲಿ ಮಾಡುವವರಾದರೆ ಅಲ್ಲಿರುವ ಅಂಕಿಯನ್ನು ಎರಡೂವರೆಯಿಂದ ಗುಣಿಸಬೇಕು. ಹೋಲಿಕೆಗೆ ಯಾವಾಗಲೂ 100 ಗ್ರಾಂ ಲೆಕ್ಕವೇ ಸರಿ: 120 ಮಿ.ಗ್ರಾಂ ಒಳಗಿದ್ದರೆ ಕಡಿಮೆ, 600 ದಾಟಿದರೆ ಬಹಳ ಹೆಚ್ಚು. ಸೋಯಾ ಸಾಸ್‌ನಂಥವನ್ನು ಮಾತ್ರ ಬಳಸುವ ಅಳತೆಯಲ್ಲೇ ನೋಡಿ. ಒಂದು ಟೇಬಲ್ ಚಮಚಕ್ಕೇ ಸುಮಾರು 900 ಮಿ.ಗ್ರಾಂ ಇರುತ್ತದೆ. ‘ಸೋಡಿಯಂ ಶೇ 25 ಕಡಿಮೆ’ ಎಂಬ ಬರಹಕ್ಕೂ ಮರುಳಾಗಬೇಡಿ. ಅದರಲ್ಲೂ 675 ಉಳಿದೇ ಇರುತ್ತದೆ.

ಉಪ್ಪಿನ ಹೆಸರಿಲ್ಲದೆ ಬರುವ ಸೋಡಿಯಂ ಬೇರೆಯೇ ಇದೆ. ಅಡುಗೆ ಸೋಡಾದಲ್ಲಿ ಶೇ 27 ಸೋಡಿಯಂ. ಒಂದು ಟೀ ಚಮಚಕ್ಕೆ 1,250 ಮಿ.ಗ್ರಾಂ ಹತ್ತಿರ. ಕಾಳು ಬೇಗ ಬೇಯಲಿ ಎಂದು ಹಾಕುವ ಚಿಟಿಕೆಗೂ ಲೆಕ್ಕವುಂಟು. ರುಚಿ ಹೆಚ್ಚಿಸಲು ಹಾಕುವ ಎಂಎಸ್‌ಜಿಯನ್ನು (ಅಜಿನೊಮೊಟೊ) ಕಂಡರೆ ಜನ ಹೆದರುತ್ತಾರೆ, ಆದರೆ ಅದರಲ್ಲಿ ಸೋಡಿಯಂ ಶೇ 12 ಮಾತ್ರ. ಉಪ್ಪಿನ ಒಂದು ಪಾಲು ತೆಗೆದು ಅದರ ಬದಲು ಇದನ್ನು ಸ್ವಲ್ಪ ಹಾಕಿದರೆ ಒಟ್ಟು ಸೋಡಿಯಂ ಇಳಿಯುತ್ತದೆ. ಉಪ್ಪನ್ನೂ ಪೂರ್ತಿ ಹಾಕಿ ಇದನ್ನೂ ಸೇರಿಸಿದರೆ ಏರುತ್ತದೆ. ಎಲ್ಲರೂ ಮರೆಯುವುದು ನೀರಿಗೆ ಹಾಕಿದೊಡನೆ ಬುಸ್ಸೆಂದು ನೊರೆಯುವ ಮಾತ್ರೆಗಳನ್ನು. ನೋವಿಗೆ ಕುಡಿಯುವ ಇಂಥ ಪ್ಯಾರಾಸಿಟಮಾಲ್ ಒಂದರಲ್ಲೇ ಸುಮಾರು 400 ಮಿ.ಗ್ರಾಂ ಸೋಡಿಯಂ ಇರಬಲ್ಲದು. ದಿನಕ್ಕೆ ಆರು ತೆಗೆದುಕೊಂಡರೆ ಊಟವೇ ಮಾಡದೆ ಮಿತಿ ದಾಟಿಯಾಯಿತು. ನುಂಗುವ ಸಾದಾ ಮಾತ್ರೆಗೆ ಬದಲಿಸಿಕೊಂಡರೆ ಸಮಸ್ಯೆ ತೀರಿತು.

ಮನೆಯ ಅಡುಗೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಮುಗಿದ ದಿನ ನೋಡಿ. ನಾಲ್ವರು ವಯಸ್ಕರಿರುವ ಮನೆಯಲ್ಲಿ ತಲಾ 5 ಗ್ರಾಂನಂತೆ 1 ಕಿಲೋ 50 ದಿನ ಬರಬೇಕು. ಹೊರಗಿನ ತಿಂಡಿಗೆಂದು ತಲಾ 2 ಗ್ರಾಂ ಬಿಟ್ಟರೆ 83 ದಿನ. ಒಂದು ತಿಂಗಳಿಗೇ ಖಾಲಿಯಾದರೆ ಅಡುಗೆಮನೆಯಲ್ಲೇ ತಲಾ 8 ಗ್ರಾಂ ಹೋಗುತ್ತಿದೆ ಎಂದಾಯಿತು. ನೆಂಟರು ಬಂದದ್ದು, ಚೆಲ್ಲಿದ್ದು, ಬಸಿದ ನೀರಿನಲ್ಲಿ ಹೋದದ್ದು ಇವೆಲ್ಲ ಸೇರಿ ಲೆಕ್ಕ ಸ್ವಲ್ಪ ಆಚೀಚೆ ಆದರೂ ದಿಕ್ಕು ತಪ್ಪುವುದಿಲ್ಲ.

ಇಳಿಸುವಾಗ ಒಂದೇ ಏಟಿಗೆ ಅರ್ಧಕ್ಕೆ ತಂದರೆ ಮನೆಮಂದಿ ಮೂರನೆಯ ದಿನ ದಂಗೆಯೇಳುತ್ತಾರೆ. ಕೈಯಳತೆ ಬಿಟ್ಟು ಚಮಚದಲ್ಲಿ ಹಾಕಿ. ಈಗ ಬೀಳುತ್ತಿರುವುದನ್ನು ಒಮ್ಮೆ ಅಳೆದು ಅದರ ಕಾಲು ಭಾಗ ತೆಗೆಯಿರಿ, ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಮೊದಲಿನ ಅಡುಗೆಯೇ ಉಪ್ಪುಪ್ಪು ಅನ್ನಿಸತೊಡಗುತ್ತದೆ. ಬೇಯಿಸುವ ನೀರಿಗೆ ಹಾಕುವ ಬದಲು ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿದರೆ ಕಡಿಮೆ ಉಪ್ಪೂ ಎದ್ದು ಕಾಣುತ್ತದೆ. ನಿಂಬೆರಸ, ಮೆಣಸು, ಹುರಿದ ಬೆಳ್ಳುಳ್ಳಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಸ್ಟಾಕ್ ಕ್ಯೂಬ್ (ಸೂಪು, ಸಾರಿನ ರುಚಿಗೆ ಹಾಕುವ ಸಿದ್ಧ ಬಿಲ್ಲೆ) ಹಾಕಿದ ಅಡುಗೆಗೆ ಬೇರೆ ಉಪ್ಪು ಬೇಡ, ಅದರ ತೂಕದಲ್ಲಿ ಸುಮಾರು ಅರ್ಧ ಉಪ್ಪೇ. ಡಬ್ಬಿಯ ಕಾಳನ್ನು ನೀರು ಬಸಿದು ತೊಳೆದರೆ ಸೋಡಿಯಂನ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಉಪ್ಪು ಹೆಚ್ಚಾದ ಸೂಪಿಗೆ ಆಲೂಗಡ್ಡೆ ಹಾಕಿ ತೆಗೆಯುವುದರಿಂದ ಅಂಥ ಲಾಭವಿಲ್ಲ. ಅದು ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ.

ಗುಲಾಬಿ ಉಪ್ಪು, ಸಮುದ್ರದ ಉಪ್ಪು ಎಂದು ದುಬಾರಿ ದುಡ್ಡು ಕೊಡುವುದು ವ್ಯರ್ಥ. ತೂಕಕ್ಕೆ ತೂಕ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ, ಮೇಲೆ ಅಯೋಡಿನ್ ಬೇರೆ ತಪ್ಪಿಹೋಗುತ್ತದೆ. ನಿಜವಾಗಿ ವ್ಯತ್ಯಾಸ ಮಾಡುವುದು ಒಂದಷ್ಟು ಸೋಡಿಯಂ ಕ್ಲೋರೈಡ್ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ 25 ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಆದರೆ ಕಿಡ್ನಿ ಕೆಲಸ ಕುಂದಿದವರಿಗೆ ಇದು ಅಪಾಯ: ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಬಿ.ಪಿ.ಗೆ, ಹೃದಯಕ್ಕೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪಿರೊನೊಲ್ಯಾಕ್ಟೋನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ರಕ್ತದ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ಅಂಕಿ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿಯೇ ಬಳಸಬೇಕು. ಗರ್ಭಿಣಿಯರಿಗೂ ಮಕ್ಕಳಿಗೂ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸೂಚಿಸಿಲ್ಲ.

ಎಲ್ಲ ಮಾಡಿಯೂ ಬಿ.ಪಿ. ಇಳಿಯದಿದ್ದರೆ 24 ಗಂಟೆಯ ಮೂತ್ರದ ಸೋಡಿಯಂ ಪರೀಕ್ಷೆ ಮಾಡಿಸಬಹುದು. ತಿಂದ ಸೋಡಿಯಂನ ಬಹುಪಾಲು, ಹೆಚ್ಚುಕಡಿಮೆ ಶೇ 90, ಅಲ್ಲೇ ಹೊರಬೀಳುತ್ತದೆ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಆಮೇಲಿನದ್ದೆಲ್ಲವನ್ನೂ ಮರುದಿನ ಬೆಳಗಿನ ಮೊದಲನೆಯದೂ ಸೇರಿದಂತೆ ಡಬ್ಬಿಗೆ ಹಿಡಿಯಬೇಕು. ನಡುವೆ ಒಮ್ಮೆ ತಪ್ಪಿದರೂ ಫಲಿತಾಂಶ ಸುಳ್ಳೇ ಕಡಿಮೆ ತೋರಿಸುತ್ತದೆ. ವರದಿಯಲ್ಲಿ ದಿನದ ಒಟ್ಟು ಸೋಡಿಯಂ ಎಷ್ಟು ಮಿಲಿಮೋಲ್ (ಪ್ರಯೋಗಾಲಯ ಬಳಸುವ ಅಳತೆ) ಇದೆಯೋ ಅದನ್ನು 23ರಿಂದ ಗುಣಿಸಿದರೆ ಮಿಲಿಗ್ರಾಂ. 180 ಬಂದರೆ 4,140 ಮಿ.ಗ್ರಾಂ, ಉಪ್ಪಿನ ಲೆಕ್ಕದಲ್ಲಿ 10 ಗ್ರಾಂ ದಾಟಿದೆ. ಮಾತ್ರೆ ಹೆಚ್ಚಿಸುವ ಮೊದಲು ಈ ಅಂಕಿ ಕೈಯಲ್ಲಿರುವುದು ಒಳ್ಳೆಯದು. ಉಪ್ಪು ಹೀಗೆ ಏರಿದ್ದಾಗ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆಗಳೂ ಸೋಲುತ್ತವೆ.

ಉಪ್ಪು ಇಳಿಸುವುದು ಎಲ್ಲರಿಗೂ ಒಂದೇ ತೆರನಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಏಕಾಏಕಿ ಇಳಿಸಿದರೆ ಆ ಔಷಧ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ನೀರು ಇಳಿಸುವ ಮಾತ್ರೆಯಲ್ಲಿರುವ ವಯಸ್ಸಾದವರು ಉಪ್ಪಿಲ್ಲದ ಊಟ ಸೇರದೆ ಅರೆಹೊಟ್ಟೆಯಲ್ಲಿದ್ದರೆ ಸೋಡಿಯಂ ತೀರಾ ಕುಸಿದು ಮಂಕಾಗಬಹುದು, ಮಾತು ತೊದಲಬಹುದು. ವಾಂತಿ ಭೇದಿ ಇರುವ ದಿನಗಳಲ್ಲಿ ಉಪ್ಪು ಕಡಿತದ ಮಾತೇ ಬೇಡ, ಓಆರ್‌ಎಸ್ ಕುಡಿಯಬೇಕು. ಇನ್ನು ಬಿ.ಪಿ. ಮಾತ್ರೆಯ ಜೊತೆಗೇ ಉಪ್ಪು ಇಳಿಸುತ್ತಿರುವವರು ಮೊದಲ ತಿಂಗಳು ವಾರಕ್ಕೆರಡು ಸಲವಾದರೂ, ಕೂತು ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿ.ಪಿ. ನೋಡಿ ಬರೆದಿಡಿ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಆ ಚೀಟಿ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ; ಮಾತ್ರೆಯ ಪ್ರಮಾಣ ಇಳಿಸುವ ಕಾಲ ಬಂದಿರಬಹುದು.