ಲಾಕ್‌ಡೌನ್‌ನಲ್ಲಿ ಫ್ರೀಯಾಗಿ ಸಿಕ್ಕ ಪಾಠಗಳು ನಮ್ಮವಾ?

ಪ್ರಶ್ನೆ: ಬೆಂಗಳೂರಿನ ಒಂದು ಅನುದಾನಿತ ಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಲಾಕ್‌ಡೌನ್ ಕಾಲದಲ್ಲಿ ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್‌ಗಳು, ವರ್ಕ್‌ಶೀಟ್‌ಗಳು, ಇಳಿಸಿಕೊಂಡ ವಿಡಿಯೊಗಳು ಎಲ್ಲ ಸೇರಿ ಒಂದು ಪೆನ್‌ಡ್ರೈವ್ ತುಂಬಿದೆ. ಎಲ್ಲವೂ ಆಗ ಫ್ರೀಯಾಗಿ ಸಿಕ್ಕಿದ್ದೇ. ಇವನ್ನೆಲ್ಲ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಅನ್ನಬಹುದಾ? ನಮ್ಮ ಮಕ್ಕಳಿಗೆ ತಕ್ಕ ಹಾಗೆ ತಿದ್ದಿ, ಬೇರೆ ಶಾಲೆಯವರಿಗೂ ಕೊಡಬಹುದಾ?

ಉತ್ತರ: ನಿಮ್ಮ ಕ್ಲಾಸಿನ ಒಳಗೆ ಪಾಠಕ್ಕೆ ಬಳಸೋದಕ್ಕೆ ಹೆಚ್ಚಿನ ಅಡ್ಡಿ ಇಲ್ಲ. ತಿದ್ದಿ ಊರಿಗೆಲ್ಲ ಹಂಚೋದು ಮಾತ್ರ ಒಂದೊಂದು ಫೈಲಿಗೆ ಒಂದೊಂದು ಥರ. ಯಾಕೆಂದರೆ ಫ್ರೀ ಬೇರೆ, ಓಪನ್ ಬೇರೆ. ಇದು ನನಗೆ ಗೊತ್ತಾಗಿದ್ದು ಒಂದು ಚಪಾತಿಯಿಂದ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2020ರಲ್ಲಿ ನಾನು ಆರನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದೆ. ಶಾಲೆ ಮುಚ್ಚಿದಾಗ ಭಿನ್ನರಾಶಿ ಮೇಲೆ ಹನ್ನೆರಡು ಸ್ಲೈಡ್ ಮಾಡಿದೆ. ಮೂರನೇ ಸ್ಲೈಡಿನಲ್ಲಿ ನಮ್ಮ ಮನೆಯ ಸ್ಟೀಲ್ ತಟ್ಟೆ, ಅದರಲ್ಲಿ ನಾಲ್ಕು ಭಾಗ ಮಾಡಿದ ಚಪಾತಿ. ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ಅಂಶ’, ‘ಚೇದ’ ಅಂತ ಬರೆದಿದ್ದೆ. ‘ಛೇದ’ ಆಗಬೇಕಿತ್ತು. ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೆಯುತ್ತಿತ್ತು, ಗಮನಿಸಲಿಲ್ಲ. ಪಿಡಿಎಫ್ ಮಾಡಿ ಶಿಕ್ಷಕರ ಗ್ರೂಪಿಗೆ ಹಾಕಿ ಮಲಗಿದೆ.

ಎರಡು ವರ್ಷ ಆದಮೇಲೆ ತುಮಕೂರಿನ ಗೆಳೆಯರೊಬ್ಬರು ‘ಚೆನ್ನಾಗಿದೆ ನೋಡಿ ಸಾರ್’ ಅಂತ ಒಂದು ಫೈಲ್ ಕಳಿಸಿದರು. ತೆರೆದರೆ ನಮ್ಮನೆ ತಟ್ಟೆ! ನನ್ನ ಹೆಸರು ಹೋಗಿತ್ತು, ತಲೆಯ ಮೇಲೆ ಯಾವುದೋ ಟ್ಯೂಷನ್ ಸೆಂಟರಿನ ಲೋಗೊ ಕೂತಿತ್ತು. ‘ಚೇದ’ ಮಾತ್ರ ಹಾಗೇ ಇತ್ತು. ಅಷ್ಟು ದಿನದಲ್ಲಿ ಎಷ್ಟೋ ಜನ ಟೀಚರ್‌ಗಳು ಅದನ್ನು ನೋಡಿರುತ್ತಾರೆ, ಕೆಲವರಿಗಾದರೂ ತಪ್ಪು ಕಣ್ಣಿಗೆ ಬಿದ್ದಿರುತ್ತದೆ. ತಿದ್ದೋಣ ಅಂದರೂ ಸುಲಭವಿರಲಿಲ್ಲ, ನಾನು ಕೊಟ್ಟಿದ್ದು ಪಿಡಿಎಫ್. ತಿದ್ದಬಹುದು ಅಂತ ನಾನು ಎಲ್ಲೂ ಬರೆದೂ ಇರಲಿಲ್ಲ. ಹೆಸರು ಹೋಯ್ತಲ್ಲ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಉಳಿದ ಸ್ಲೈಡ್ ನೋಡಿದೆ. ಚಪಾತಿ ಬಿಟ್ಟರೆ ಮಿಕ್ಕ ಚಿತ್ರಗಳೆಲ್ಲ ನಾನೇ ಇಂಟರ್‌ನೆಟ್‌ನಲ್ಲಿ ಹುಡುಕಿ ಎತ್ತಿಕೊಂಡಿದ್ದು. ಯಾರದು ಅಂತ ಇವತ್ತಿಗೂ ಗೊತ್ತಿಲ್ಲ. ಸಿಟ್ಟು ಅಲ್ಲಿಗೇ ಇಳಿಯಿತು.

ನಿಮ್ಮ ಪೆನ್‌ಡ್ರೈವ್‌ನಲ್ಲೂ ಜಾಸ್ತಿ ಇರೋದು ಇಂಥದ್ದೇ ಅನ್ನೋದು ನನ್ನ ಊಹೆ.

‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಅನ್ನೋ ಮಾತು 2002ರಲ್ಲಿ ಯುನೆಸ್ಕೊ ಪ್ಯಾರಿಸ್‌ನಲ್ಲಿ ನಡೆಸಿದ ಸಭೆಯಲ್ಲಿ ಹುಟ್ಟಿತು. (ಮುಕ್ತ ವಿಶ್ವವಿದ್ಯಾಲಯದ ‘ಮುಕ್ತ’ ಬೇರೆ. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿದೆ ಅನ್ನೋ ಅರ್ಥ. ಪುಸ್ತಕ ಯಾರು ಬೇಕಾದರೂ ತಿದ್ದಿ ಹಂಚಬಹುದು ಅಂತಲ್ಲ.) ಅಮೆರಿಕದ ಶಿಕ್ಷಣ ತಜ್ಞ ಡೇವಿಡ್ ವೈಲಿ ಇದಕ್ಕೆ ಐದು ಗುರುತು ಹೇಳಿದ್ದಾರೆ: ನಮ್ಮ ಹತ್ತಿರ ಇಟ್ಟುಕೊಳ್ಳೋದು, ಬಳಸೋದು, ತಿದ್ದೋದು, ಬೇರೆಯದರ ಜೊತೆ ಬೆರೆಸೋದು, ಹಂಚೋದು. ಈ ಐದಕ್ಕೂ ಮಾಡಿದವರೇ ಮೊದಲೇ ಒಪ್ಪಿಗೆ ಬರೆದುಕೊಟ್ಟಿದ್ದರೆ ಅದು ಓಪನ್.

ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳಬೇಕಾದರೆ, ಫ್ರೀ ಅಂದರೆ ಮದುವೆ ಮನೆ ಊಟ. ಹೊಟ್ಟೆ ತುಂಬ ಉಣ್ಣಬಹುದು, ನಾಳೆ ಹೋದರೆ ಚಪ್ಪರವೇ ಇರಲ್ಲ. ಓಪನ್ ಅಂದರೆ ಪಕ್ಕದ ಮನೆಯಿಂದ ತಂದ ಹೆಪ್ಪು. ಒಂದು ಚಮಚ ತಂದು ನಮ್ಮ ಹಾಲಿಗೆ ಹಾಕುತ್ತೇವೆ. ನಾಳೆ ಅವರ ಮನೆಯಲ್ಲಿ ಮೊಸರು ಖಾಲಿಯಾದರೆ ನಮ್ಮಿಂದ ಒಯ್ಯುತ್ತಾರೆ.

2020ರಲ್ಲಿ ಚಪ್ಪರ ಎಲ್ಲೆಲ್ಲೂ ಎದ್ದಿತ್ತು. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಆ ಮಾರ್ಚ್‌ನಲ್ಲಿ ನೂರಾರು ಪಠ್ಯಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಫ್ರೀಯಾಗಿ ಓದೋಕೆ ಬಿಟ್ಟಿತು. ಜನ ಮುಗಿಬಿದ್ದರು, ಸ್ವಲ್ಪ ದಿನದಲ್ಲೇ ತಡೆಹಿಡಿಯಬೇಕಾಯಿತು. ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಎರವಲು ಕೊಡೋ ಇಂಟರ್‌ನೆಟ್ ಆರ್ಕೈವ್, ಸರದಿ ಕಾಯದೆ ಓದಲಿ ಅಂತ ಅದೇ ತಿಂಗಳು ‘ರಾಷ್ಟ್ರೀಯ ತುರ್ತು ಗ್ರಂಥಾಲಯ’ ತೆರೆಯಿತು. ಜೂನ್‌ನಲ್ಲಿ ಪ್ರಕಾಶಕರು ಕೋರ್ಟಿಗೆ ಹೋದರು, ಅದೇ ತಿಂಗಳು ಬಾಗಿಲು ಹಾಕಿತು. ನಮ್ಮಲ್ಲಿ ಕಲಿಕೆಯ ಆ್ಯಪ್‌ಗಳು ಕೆಲವು ತಿಂಗಳು ಫ್ರೀ ಕೊಟ್ಟು ಆಮೇಲೆ ಬಿಲ್ ತೋರಿಸಿದ್ದು ನಿಮಗೆ ನೆನಪಿರಬಹುದು.

ಇನ್ನೂ ಹತ್ತಿರದ ಉದಾಹರಣೆ ಎನ್‌ಸಿಇಆರ್‌ಟಿ. ಅದರ ಪಠ್ಯಪುಸ್ತಕಗಳ ಪಿಡಿಎಫ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಒಳಗಿನ ಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಅಂತಿದೆ. ಒಪ್ಪಿಗೆ ಇಲ್ಲದೆ ಬಳಸೋ ಪ್ರಕಾಶಕರಿಗೆ 2024ರಲ್ಲಿ ಅದು ಎಚ್ಚರಿಕೆಯನ್ನೂ ಕೊಟ್ಟಿತು. ಮಜಾ ಏನೆಂದರೆ, ಇದೇ ಎನ್‌ಸಿಇಆರ್‌ಟಿಯ ಕೈಕೆಳಗೆ 2013ರಲ್ಲಿ ಶುರುವಾದ ಮುಕ್ತ ಸಂಪನ್ಮೂಲಗಳ ರಾಷ್ಟ್ರೀಯ ಭಂಡಾರದಲ್ಲಿ ಸಾಮಗ್ರಿಯನ್ನು ತಿದ್ದಬಹುದು, ಹಂಚಬಹುದು. ಒಂದೇ ಮನೆ, ಎರಡು ಬಾಗಿಲು!

ಹಾಗಾದರೆ ಯಾವ ಬಾಗಿಲು ಅಂತ ತಿಳಿಯೋದು ಹೇಗೆ? ಕೊನೆಯ ಪುಟ ಅಥವಾ ಮೂಲೆ ನೋಡಿ. ‘ಸಿಸಿ’ ಅನ್ನೋ ಗುರುತು ಇದೆಯಾ? ಅದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್, ಅಂದರೆ ಮಾಡಿದವರು ಮೊದಲೇ ಬರೆದುಕೊಟ್ಟ ಒಪ್ಪಿಗೆ. ಪಕ್ಕದಲ್ಲಿ ‘ಬೈ’ ಅಂತ ಮಾತ್ರ ಇದ್ದರೆ ಮಾಡಿದವರ ಹೆಸರು ಹೇಳಿ ಏನು ಬೇಕಾದರೂ ಮಾಡಿ. ‘ಎಸ್‌ಎ’ ಇದ್ದರೆ ನೀವು ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ‘ಎನ್‌ಸಿ’ ಅಂದರೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಸಂಜೆ ದುಡ್ಡು ತಗೊಂಡು ಟ್ಯೂಷನ್ ಮಾಡೋದು ಇದರಲ್ಲಿ ಬರುತ್ತಾ ಅನ್ನೋದು ಜಗ್ಗಾಟದ ವಿಷಯ. ನಾನಾದರೆ ಬಳಸಲ್ಲ. ‘ಎನ್‌ಡಿ’ ಇದ್ದರೆ ಹಂಚಬಹುದು, ತಿದ್ದಿದ್ದನ್ನು ಹಂಚೋ ಹಾಗಿಲ್ಲ. ಕನ್ನಡಕ್ಕೆ ತರೋದೂ ತಿದ್ದಿದ ಹಾಗೇ ಲೆಕ್ಕ, ಅದಕ್ಕೇ ನಮ್ಮ ಮಟ್ಟಿಗೆ ಇದು ಅಷ್ಟೇನೂ ಪ್ರಯೋಜನಕ್ಕಿಲ್ಲ. ಯೂಟ್ಯೂಬ್ ವಿಡಿಯೊ ಆದರೆ ಕೆಳಗಿನ ವಿವರಣೆ ಬಿಡಿಸಿ ನೋಡಿ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಅಂತ ಇಲ್ಲದಿದ್ದರೆ ಲಿಂಕ್ ಕಳಿಸಿ, ಇಳಿಸಿ ಹಂಚಬೇಡಿ.

ಯಾವ ಗುರುತೂ ಇಲ್ಲದಿದ್ದರೆ? ಹಕ್ಕು ಮಾಡಿದವರದೇ. ಕೇಳುವವರಿಲ್ಲ ಅಂದಾಕ್ಷಣ ನಮ್ಮದಾಗಲ್ಲ.

ಆದರೂ ಕ್ಲಾಸ್‌ರೂಮಿಗೆ ಕಾನೂನು ಸ್ವಲ್ಪ ಜಾಗ ಬಿಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಟೀಚರ್ ಅಥವಾ ವಿದ್ಯಾರ್ಥಿ ಪಾಠದ ಭಾಗವಾಗಿ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆ ಆಗಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹಾಕಿದ ಕೇಸಿನಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಈ ಮಾತನ್ನು ಚೆನ್ನಾಗಿ ಬಿಡಿಸಿ ಹೇಳಿತು. ಹಾಗಾಗಿ ನಿಮ್ಮ ಮಕ್ಕಳಿಗೆ ವರ್ಕ್‌ಶೀಟ್ ಜೆರಾಕ್ಸ್ ಮಾಡಿಕೊಡೋಕೆ ಹೆದರಬೇಡಿ. ಅದನ್ನೇ ನಿಮ್ಮ ಯೂಟ್ಯೂಬ್ ಚಾನೆಲ್ಲಿಗೆ ಹಾಕಿದರೆ ಅದು ಕ್ಲಾಸ್‌ರೂಮ್ ಅಲ್ಲ.

ಈಗ ಒಂದು ಕಹಿ ಮಾತು. ಲೈಸೆನ್ಸ್ ಸರಿ ಇದ್ದರೆ ಪಾಠ ಮಕ್ಕಳಿಗೆ ತಲುಪಿಬಿಡುತ್ತೆ ಅಂತ ನಾವು ಕೆಲವರು ನಂಬಿದ್ದೆವು. ಯುನೆಸ್ಕೊ ಮುಕ್ತ ಸಂಪನ್ಮೂಲಗಳ ಬಗ್ಗೆ ಸದಸ್ಯ ದೇಶಗಳಿಗೆ ಶಿಫಾರಸು ಅಂಗೀಕರಿಸಿದ್ದು 2019ರ ನವೆಂಬರ್‌ನಲ್ಲಿ. ನಾಲ್ಕು ತಿಂಗಳಿಗೆ ಲಾಕ್‌ಡೌನ್ ಬಂತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಸಮಯವೇ ಇಲ್ಲ. ನಡೆದಿದ್ದೇ ಬೇರೆ. ನನ್ನ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳಿದ್ದರು, ಬೆಳಗ್ಗೆ ಹತ್ತಕ್ಕೆ ಆನ್‌ಲೈನ್ ಬರುತ್ತಿದ್ದವರು ಹನ್ನೊಂದೋ ಹನ್ನೆರಡೋ. ಉಳಿದವರ ಮನೆಯ ಫೋನು ಆ ಹೊತ್ತಿಗೆ ಅಪ್ಪನ ಜೊತೆ ಆಟೊದಲ್ಲಿ ಇರುತ್ತಿತ್ತು, ಇಲ್ಲವೇ ಅಮ್ಮ ಗಾರ್ಮೆಂಟ್ಸಿಗೆ ತಗೊಂಡು ಹೋಗಿರುತ್ತಿದ್ದರು. ರಾತ್ರಿ ಎಂಟೂವರೆಗೆ ಒಂದೊಂದೇ ಮೆಸೇಜು ಬರೋದು: ‘ಸಾರ್ ಲೆಕ್ಕ ಕಳ್ಸಿ.’

ಇದು ನನ್ನೊಬ್ಬನ ಕಥೆ ಅಲ್ಲ. ಇಲ್ಲೇ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರಲ್ಲಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ವಿಚಾರಿಸಿತು. 60%ಕ್ಕಿಂತ ಜಾಸ್ತಿ ಮಕ್ಕಳಿಗೆ ಆನ್‌ಲೈನ್ ಪಾಠ ಸಿಗೋ ದಾರಿಯೇ ಇರಲಿಲ್ಲ. ಮಾರನೇ ವರ್ಷ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದಾಗ, ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷೆಯ ಕೌಶಲವನ್ನು 92% ಮಕ್ಕಳು ಮರೆತಿದ್ದರು. ಆ ದಿನಗಳಲ್ಲಿ ಮಕ್ಕಳ ಹತ್ತಿರ ಹೋಗಿದ್ದು ಚಂದನ ವಾಹಿನಿಯ ಪಾಠಗಳು, ವಿದ್ಯಾಗಮದ ಹೆಸರಲ್ಲಿ ದೇವಸ್ಥಾನದ ಜಗಲಿಯಲ್ಲೂ ಮರದ ಕೆಳಗೂ ಕೂತ ಟೀಚರ್‌ಗಳು.

ಆಮೇಲಿನ ಚರ್ಚೆಯ ಗಮನ ಇದರಿಂದಲೇ ಬದಲಾಯಿತು. ಎಷ್ಟು ಸಾವಿರ ವಿಡಿಯೊ ಇದೆ ಅನ್ನೋ ಲೆಕ್ಕ ಬಿಟ್ಟು, ಟೀಚರ್ ಅದನ್ನು ಏನು ಮಾಡಿದರು ಅಂತ ಕೇಳೋದು ಜಾಸ್ತಿಯಾಯಿತು. ಪ್ರಿಂಟ್ ತೆಗೆದರಾ, ಊರಿನ ಮಾತಿಗೆ ಬದಲಾಯಿಸಿದರಾ, ವಾಪಸ್ ಹಂಚಿದರಾ? ಈ ಕೊನೆಯದೇ ಕಷ್ಟದ್ದು. ಕೋವಿಡ್‌ಗೆ ಮೊದಲೇ ಕೇಪ್‌ಟೌನ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪುಸ್ತಕವಾಗಿ ಬಂತು. ಸಿಕ್ಕಿದ್ದನ್ನು ಹಾಗ್ಹಾಗೇ ಬಳಸೋರು ಜಾಸ್ತಿ, ತಿದ್ದೋರು ಕಡಿಮೆ, ತಿದ್ದಿದ್ದನ್ನು ಎಲ್ಲರಿಗೂ ಕಾಣೋ ಹಾಗೆ ವಾಪಸ್ ಕೊಡೋರು ಇನ್ನೂ ಕಡಿಮೆ ಅಂತ ಅದರಲ್ಲಿದೆ. ಅದರ ಒಂದು ಅಧ್ಯಾಯ ನಮ್ಮ ಕರ್ನಾಟಕದ ಶಿಕ್ಷಕರು ಒಟ್ಟಿಗೆ ಕೂತು ಪಾಠ ಮಾಡಿಕೊಂಡಿದ್ದರ ಬಗ್ಗೆಯೇ ಇದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಶುರು ಮಾಡಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಅನ್ನೋ ವಿಕಿ (ಹಲವರು ಸೇರಿ ಬರೆದು ತಿದ್ದೋ ವೆಬ್‌ಸೈಟ್) ಇವತ್ತೂ ಕನ್ನಡದಲ್ಲಿ ಸಿಗುತ್ತದೆ. ಗಣಿತದವರು ಅಲ್ಲಿಂದ ಶುರು ಮಾಡಿ ಅಂತ ನನ್ನ ಸಲಹೆ.

ಕಥೆ ಬೇಕಾದವರಿಗೆ ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ಇದೆ. ‘ಸಿಸಿ ಬೈ’ ಆದ್ದರಿಂದ ಅನುವಾದ ಮಾಡಿ, ಪ್ರಿಂಟ್ ಹಾಕಿಸಿ, ಯಾರೂ ಕೇಳಲ್ಲ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇಂಥದ್ದೇ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟಿತು. ಇದು ಎಷ್ಟು ದೊಡ್ಡ ಕೆಲಸ ಅಂತ ನಾವು ಸಾಕಷ್ಟು ಮಾತಾಡಿಯೇ ಇಲ್ಲ.

ವಾಪಸ್ ಕೊಡೋಕೆ ಟೀಚರ್‌ಗಳು ಹಿಂಜರಿಯೋದಕ್ಕೆ ಕಾರಣ ಸೋಮಾರಿತನ ಅಂತ ನನಗೆ ಅನಿಸಲ್ಲ. ‘ತಪ್ಪಿದ್ದರೆ ನಗ್ತಾರೆ’ ಅನ್ನೋ ಅಳುಕು. ಗ್ರೂಪಿನಲ್ಲಿ ಮೇಲಧಿಕಾರಿಗಳೂ ಇರ್ತಾರೆ, ಅಲ್ವಾ?

ನಿಮ್ಮ ಪೆನ್‌ಡ್ರೈವ್‌ಗೆ ಬರೋಣ. ಅದನ್ನೆಲ್ಲ ತಿದ್ದೋಕೆ ಹೋಗಬೇಡಿ. ಸಿಸಿ ಗುರುತು ಇರೋದನ್ನು ಒಂದು ಫೋಲ್ಡರಿಗೆ ಹಾಕಿ, ಅದನ್ನು ಧೈರ್ಯವಾಗಿ ಹಂಚಿ. ಮಿಕ್ಕಿದ್ದು ನಿಮ್ಮ ಕ್ಲಾಸಿಗೆ ಮಾತ್ರ ಇರಲಿ. ‘ಬೈ-ಎಸ್‌ಎ’ಯನ್ನೂ ‘ಬೈ-ಎನ್‌ಸಿ-ಎಸ್‌ಎ’ಯನ್ನೂ ಒಂದೇ ಪಾಠದಲ್ಲಿ ಕಲಸಬೇಡಿ, ಷರತ್ತು ಒಂದಕ್ಕೊಂದು ಹೊಂದಲ್ಲ. ಆಮೇಲೆ ನೀವೇ ಮಾಡಿದ ಒಂದು ವರ್ಕ್‌ಶೀಟ್ ತಗೊಳ್ಳಿ. ಪಿಡಿಎಫ್ ಜೊತೆ ತಿದ್ದೋಕೆ ಬರೋ ಫೈಲನ್ನೂ ಕೊಡಿ, ಅಕ್ಷರ ಯಾವ ಕಂಪ್ಯೂಟರಿನಲ್ಲೂ ತೆರೆಯೋ ಯೂನಿಕೋಡ್‌ನಲ್ಲಿರಲಿ. ಕೆಳಗೆ ಒಂದು ಸಾಲು: ನಿಮ್ಮ ಹೆಸರು, ವರ್ಷ, ‘ಸಿಸಿ ಬೈ-ಎಸ್‌ಎ 4.0, ತಿದ್ದಬಹುದು, ಹಂಚಬಹುದು’.

ನಾನೂ ಅದನ್ನೇ ಮಾಡಿದೆ. ಎತ್ತಿಕೊಂಡಿದ್ದ ಚಿತ್ರಗಳನ್ನೆಲ್ಲ ತೆಗೆದು ಬೇರೆ ಫೋಟೊ ಹೊಡೆದೆ, ‘ಛೇದ’ ಸರಿ ಮಾಡಿದೆ, ತುಮಕೂರಿನ ಗೆಳೆಯರಿಗೇ ಮೊದಲು ಕಳಿಸಿದೆ. ಕೆಲವು ತಿಂಗಳ ಮೇಲೆ ಅದು ಕಲಬುರಗಿ ಕಡೆಯ ಮೇಡಂ ಒಬ್ಬರಿಂದ ವಾಪಸ್ ಬಂತು. ನನ್ನ ಹೆಸರಿನ ಕೆಳಗೆ ಅವರ ಹೆಸರು. ಚಪಾತಿಯ ಜಾಗದಲ್ಲಿ ಜೋಳದ ರೊಟ್ಟಿ. ಜೊತೆಗೆ ಒಂದು ಮೆಸೇಜು: ಏಳನೇ ಸ್ಲೈಡಿನಲ್ಲಿ 3/8 ಇರಬೇಕಾದ ಕಡೆ 3/6 ಇತ್ತಂತೆ, ಅದನ್ನೂ ತಿದ್ದಿದ್ದಾರಂತೆ.