ಬನಾನಾ ಪ್ಲಗ್ ಬೇಕಾ, ಬರಿ ವೈರ್ ಸಾಕಾ?

ಹೋದ ತಿಂಗಳು ರಿಪೇರಿಗೆ ಒಂದು ಆಂಪ್ಲಿಫೈಯರ್ ಬಂತು. ಬಲಗಡೆ ಚಾನೆಲ್ ಸತ್ತಿತ್ತು. ಮುಚ್ಚಳ ಬಿಚ್ಚುವ ಮೊದಲೇ ಕಾರಣ ಕಣ್ಣಿಗೆ ಬಿತ್ತು. ಹಿಂದುಗಡೆ ಸ್ಪೀಕರ್ ವೈರ್ ಸಿಕ್ಕಿಸುವ ಕೆಂಪು ಟರ್ಮಿನಲ್‌ನಿಂದ ತಾಮ್ರದ ನಾಲ್ಕೈದು ಎಳೆ ಹೊರಗೆ ಚಾಚಿಕೊಂಡು ಪಕ್ಕದ ಕಪ್ಪು ಟರ್ಮಿನಲ್‌ಗೆ ತಾಗಿದ್ದವು. ಒಳಗೆ ಔಟ್‌ಪುಟ್ ಟ್ರಾನ್ಸಿಸ್ಟರ್ ಎರಡೂ ಹೋಗಿದ್ದವು.

ಯಜಮಾನರು ಕೇಳಿದ್ದು ಮಾತ್ರ ಬನಾನಾ ಪ್ಲಗ್ ಬಗ್ಗೆ, ಅಂದರೆ ಸ್ಪೀಕರ್ ವೈರಿನ ತುದಿಗೆ ಹಾಕಿ ಟರ್ಮಿನಲ್ ತೂತಿಗೆ ತೂರಿಸುವ ಲೋಹದ ಪಿನ್. “ಚಿನ್ನದ ಬನಾನಾ ಪ್ಲಗ್ ಹಾಕಿದ್ರೆ ಸೌಂಡ್ ಚೆನ್ನಾಗಿ ಬರುತ್ತಾ ಸರ್?”

ಬರಲ್ಲ. ಲೆಕ್ಕ ನೋಡಿ. 1.5 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ ಸುಮಾರು 0.12 ಓಮ್ ರೆಸಿಸ್ಟೆನ್ಸ್. 8 ಓಮ್ ಸ್ಪೀಕರ್ ಮುಂದೆ ಅದೇ ಚಿಲ್ಲರೆ. ಬಿಗಿಯಾಗಿ ಕೂತ ಪ್ಲಗ್‌ನದ್ದು ಓಮ್‌ನ ಸಾವಿರದ ಕೆಲವೇ ಪಾಲು. ಚಿನ್ನದ ಲೇಪಕ್ಕೆ ಕಿಲುಬು ಹಿಡಿಯುವುದಿಲ್ಲ ಅನ್ನುವುದು ನಿಜ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಅದಕ್ಕೆ ಬೆಲೆ ಉಂಟು. ಅಲ್ಲಿ ಬರಿ ವೈರ್ ಹಾಕಿದವರು ಆಗಾಗ ಬಿಚ್ಚಿ ನೋಡಬೇಕು. ತುದಿ ಕಪ್ಪಗೋ ಹಸಿರಾಗೋ ಆಗಿದ್ದರೆ ಕತ್ತರಿಸಿ ಹೊಸದಾಗಿ ಸುಲಿಯಬೇಕು.

ಹಾಗಾದರೆ ಬನಾನಾ ಯಾಕೆ? ಎಳೆಗಳೆಲ್ಲ ಪ್ಲಗ್ ಒಳಗೇ ಇರುತ್ತವೆ, ಆಚೆ ಚಾಚುವುದಿಲ್ಲ. ಧೂಳು ಒರೆಸಲು ಆಂಪ್ಲಿಫೈಯರ್ ಎಳೆದಾಗ ಬಿಚ್ಚುವುದೂ ಸುಲಭ. ಬರಿ ವೈರ್ ತಪ್ಪೇನಲ್ಲ. ತುದಿಯನ್ನು 10 ಮಿ.ಮೀ. ಮಾತ್ರ ಸುಲಿದು, ಹುರಿ ಹೊಸೆದಂತೆ ಬಿಗಿಯಾಗಿ ಹೊಸೆದು, ಬೈಂಡಿಂಗ್ ಪೋಸ್ಟಿನ (ತಿರುಗಿಸಿ ಬಿಗಿ ಮಾಡುವ ಟರ್ಮಿನಲ್) ತೂತಿಗೆ ತೂರಿಸಿ ತಿರುಗಿಸಿ. ಅಂಥ ಜೋಡಣೆ ಯಾವ ದುಬಾರಿ ಪ್ಲಗ್‌ಗೂ ಕಮ್ಮಿ ಇಲ್ಲ.

ಎಳೆ ಚೆದುರಬಾರದು ಅಂತ ಕೆಲವರು ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂ ಬಿಗಿ ಮಾಡುತ್ತಾರೆ. ಬೇಡ. ಸೋಲ್ಡರ್ ಮೆತ್ತನೆಯ ಲೋಹ. ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ, ದಿನ ಕಳೆದಂತೆ ಸ್ಕ್ರೂ ಸಡಿಲ. ವೈರನ್ನು ಪ್ಲಗ್‌ಗೇ ಬೆಸೆಯುವುದಾದರೆ ಸರಿ.

ಹಳೇ ಸೆಟ್‌ಗಳ ಸ್ಪ್ರಿಂಗ್ ಕ್ಲಿಪ್‌ಗೆ ಸಾಮಾನ್ಯವಾಗಿ ಬನಾನಾ ಹಿಡಿಯುವುದಿಲ್ಲ. ಅಲ್ಲಿ ಬರಿ ವೈರೇ ಗತಿ, ಇಲ್ಲವೇ ಸಣ್ಣ ಪಿನ್.

ಇನ್ನೊಂದು ಮಾತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬನಾನಾ ಪ್ಲಗ್ 4 ಮಿ.ಮೀ. ದಪ್ಪ. ಎರಡು ಬನಾನಾ ಒಟ್ಟಿಗೆ ಸೇರಿಸಿದ ಜೋಡಿ ಪ್ಲಗ್‌ನ ಪಿನ್‌ಗಳ ನಡುವೆ 19 ಮಿ.ಮೀ. ಅಂತರ. ನಮ್ಮ ಗೋಡೆಯ ಸಣ್ಣ ಸಾಕೆಟ್‌ನಲ್ಲಿ ಫೇಸ್, ನ್ಯೂಟ್ರಲ್ ತೂತುಗಳ ಅಂತರವೂ ಅಷ್ಟೇ! ಸುಮ್ನೆ ನೇತಾಡುವ ಪ್ಲಗ್ಗನ್ನು ಮಗು ಅಲ್ಲಿ ತುರುಕಿದರೆ ಸ್ಪೀಕರ್ ತನಕ 230 ವೋಲ್ಟ್ ಹರಿಯುತ್ತದೆ. ಯುರೋಪಿನಲ್ಲಿ ಮಾರುವ ಆಂಪ್ಲಿಫೈಯರ್‌ಗಳ ಬನಾನಾ ತೂತಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ ಕಳಿಸುವುದು ಇದೇ ಭಯಕ್ಕೆ, ಅಲ್ಲಿನ ಸಾಕೆಟ್ ಅಳತೆಯೂ ಹೀಗೇ. ಮನೆಯಲ್ಲಿ ಮಕ್ಕಳಿದ್ದರೆ ತೂತಿಗೆ ಒಳಗಿನಿಂದ ಮುಚ್ಚಳ (ಶಟರ್) ಇರುವ ಸಾಕೆಟ್ ಹಾಕಿಸಿ. ಆಂಪ್ಲಿಫೈಯರ್ ಸ್ವಲ್ಪ ದಿನ ತೆಗೆದಿಡುವುದಾದರೆ ಕೇಬಲ್ಲನ್ನೂ ಸುತ್ತಿ ಎತ್ತಿಡಿ.

ಆ ಯಜಮಾನರಿಗೆ ಆಂಪ್ಲಿಫೈಯರ್ ತುದಿಗೆ ಸ್ಕ್ರೂ ಇರುವ ಸಾದಾ ಬನಾನಾ ಹಾಕಿಕೊಟ್ಟೆ. ಸ್ಪೀಕರ್ ಕಡೆ ಬರಿ ವೈರೇ ಇರಲಿ ಅಂದೆ, ಅದನ್ನು ಅವರು ವರ್ಷಕ್ಕೊಮ್ಮೆಯೂ ಅಲುಗಾಡಿಸುವುದಿಲ್ಲವಂತೆ. ಉಳಿದ ದುಡ್ಡಿಗೆ 2.5 ಚದರ ಮಿ.ಮೀ. ವೈರ್ ತಗೊಂಡರು. ತುದಿ ಕೆರೆದು ನೋಡಿಯೇ ತಗೊಳ್ಳಿ ಅಂದಿದ್ದೆ. ತಾಮ್ರದ ಬಣ್ಣದೊಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ.