ಇಲಿಗೆ ಬರಿಸಿದ ಸಕ್ಕರೆ ಕಾಯಿಲೆ

ಏಕನಾಯಕನ ಬೇರು, ಮಧುನಾಶಿನಿ ಸೊಪ್ಪು, ನೇರಳೆ ಬೀಜ, ಅಮೃತಬಳ್ಳಿ. ಚಿಕ್ಕಮಗಳೂರು ಸೀಮೆಯ ಯಾವ ಮೂಲಿಕೆ ಹಿಡಿದು ಹೊರಟರೂ ಫಾರ್ಮಸಿ ವಿದ್ಯಾರ್ಥಿ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿದ ಇಲಿಯ ಮುಂದೆ. ಸಕ್ಕರೆ ಇಳಿಯಿತೆಂದು ಪ್ರಬಂಧವಾಗುತ್ತದೆ, ಅದೇ ಮಾತು ಸಂತೆಯಲ್ಲಿ ಪುಡಿ ಮಾರುವವರ ಬಾಯಿಗೂ ಬರುತ್ತದೆ. ಆ ಇಲಿಗೆ ಬಂದಿರುವ ಕಾಯಿಲೆ ಯಾವುದು ಎಂದು ಕೇಳುವವರು ಕಡಿಮೆ.

ಸ್ಟ್ರೆಪ್ಟೊಜೊಟೊಸಿನ್ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಅಣುವಿನ ಒಂದು ಭಾಗ ಗ್ಲೂಕೋಸಿನಂತೆಯೇ ಇರುವುದರಿಂದ ಇಲಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶ ಗ್ಲುಟ್-2 ಎಂಬ ಬಾಗಿಲು ತೆರೆದು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಹೊಕ್ಕದ್ದು ಡಿಎನ್‌ಎ ಕೆಡಿಸಿ ಕೋಶವನ್ನೇ ಕೊಲ್ಲುತ್ತದೆ. ಮನುಷ್ಯರ ಬೀಟಾ ಕೋಶದಲ್ಲಿ ಆ ಬಾಗಿಲು ಕಡಿಮೆ, ಹಾಗಾಗಿ ಈ ವಿಷ ನಮಗೆ ಅಷ್ಟಾಗಿ ತಾಗುವುದಿಲ್ಲ. ಅಂದರೆ ಇಲಿಯಲ್ಲಿ ಆಗಿರುವುದು ಇನ್ಸುಲಿನ್ ಕಾರ್ಖಾನೆಗೇ ಬಿದ್ದ ಬೆಂಕಿ. ಇದು ಟೈಪ್ 1ಕ್ಕೆ ಹತ್ತಿರ. ನಮ್ಮ ಮನೆಗಳಲ್ಲಿ ನಲವತ್ತು ದಾಟಿದವರಿಗೆ ಬರುವ ಟೈಪ್ 2 ಬೇರೆಯೇ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲಿನ ಕೆಲಸ ನೋಡೋಣ. ಮಲೆನಾಡಿನಲ್ಲಿ ಮೊದಲ ಶತ್ರು ತೇವ. ಸ್ಟ್ರೆಪ್ಟೊಜೊಟೊಸಿನ್ ಪುಡಿ ಮೈನಸ್ 20 ಡಿಗ್ರಿಯಲ್ಲಿರುತ್ತದೆ. ಆರಿದ್ರಾ ಮಳೆ ಹಿಡಿದ ದಿನ ತಣ್ಣನೆಯ ಸೀಸೆಯನ್ನು ಹಾಗೇ ತೆರೆದರೆ ಗಾಳಿಯ ನೀರೆಲ್ಲ ಪುಡಿಯ ಮೇಲೆ ಇಳಿಯುತ್ತದೆ. ಸೀಸೆ ಮುಚ್ಚಿದಂತೆಯೇ ಕೋಣೆಯ ಬಿಸಿಗೆ ಬರಲಿ, ಆಮೇಲೆ ತೆರೆಯಿರಿ. ಕರಗಿಸಬೇಕಾದ್ದು 0.1 ಮೋಲಾರ್ ಸಿಟ್ರೇಟ್ ಬಫರ್‌ನಲ್ಲಿ, ಪಿಎಚ್ 4.5, ತಣ್ಣಗಿರಬೇಕು. ಸಲೈನ್‌ನಲ್ಲಿ ಕರಗಿಸಿದರೆ ಬೇಗ ಒಡೆದುಹೋಗುತ್ತದೆ. ಕಿಲೋಗೆ 55 ಮಿಲಿಗ್ರಾಂ ಡೋಸ್ ಆದರೆ 200 ಗ್ರಾಂ ಇಲಿಗೆ 11 ಮಿಲಿಗ್ರಾಂ. ಒಂದು ಮಿಲಿಲೀಟರ್ ಬಫರ್‌ಗೆ 55 ಮಿಲಿಗ್ರಾಂ ಹಾಕಿದರೆ ತಲಾ 0.2 ಮಿಲಿಯಂತೆ ನಾಲ್ಕು ಇಲಿಗೆ ಸಾಕು. ಅಷ್ಟನ್ನೇ ಕರಗಿಸಿ, ಹತ್ತು ನಿಮಿಷದೊಳಗೆ ಚುಚ್ಚಿ ಮುಗಿಸಿ, ಮುಂದಿನ ನಾಲ್ಕಕ್ಕೆ ಹೊಸದಾಗಿ ಕರಗಿಸಿ. ಹನ್ನೆರಡು ಇಲಿಗೂ ಒಂದೇ ಸಲ ಕಲಸಿಟ್ಟುಕೊಂಡಲ್ಲಿ ಮೊದಲಿನವಕ್ಕೆ ಸಕ್ಕರೆ ಏರಿ ಕೊನೆಯವು ಆರಾಮಾಗಿ ಓಡಾಡಿಕೊಂಡಿರುತ್ತವೆ. ತಪ್ಪು ಇಲಿಯದಲ್ಲ, ಗಡಿಯಾರದ್ದು. ಕೈಗವಸು ಮರೆಯಬೇಡಿ, ಇದು ಕ್ಯಾನ್ಸರ್‌ಕಾರಕ.

ಚುಚ್ಚಿದ ರಾತ್ರಿಯೇ ಇಲಿ ಸಾಯುವುದುಂಟು, ಅದೂ ಸಕ್ಕರೆ ಏರಿ ಅಲ್ಲ. ಸಾಯುವ ಬೀಟಾ ಕೋಶಗಳು ತಮ್ಮಲ್ಲಿದ್ದ ಇನ್ಸುಲಿನ್ನನ್ನೆಲ್ಲ ಒಮ್ಮೆಗೇ ಚೆಲ್ಲುವುದರಿಂದ ಸಕ್ಕರೆ ಪಾತಾಳಕ್ಕೆ ಇಳಿದಿರುತ್ತದೆ. ಮೊದಲ 24 ಗಂಟೆ ಕುಡಿಯುವ ನೀರಿಗೆ ಶೇ. 5ರಿಂದ 10 ಗ್ಲೂಕೋಸ್ ಹಾಕಿಡುವುದು ಅದಕ್ಕೇ. 72 ಗಂಟೆಯ ನಂತರ ಬಾಲದ ತುದಿಯ ಮೊದಲ ಹನಿ ಒರೆಸಿ, ಎರಡನೆಯದನ್ನು ಗ್ಲುಕೋಮೀಟರ್‌ಗೆ ಕೊಡಿ. 250ಕ್ಕಿಂತ ಮೇಲಿದ್ದವನ್ನು ಸಾಮಾನ್ಯವಾಗಿ ಆರಿಸಿಕೊಳ್ಳುತ್ತಾರೆ. 600 ದಾಟಿದರೆ ಹೆಚ್ಚಿನ ಮೀಟರ್‌ಗಳು ‘ಹೈ’ ಎಂದಷ್ಟೇ ತೋರಿಸುತ್ತವೆ. ಅದನ್ನು 600 ಎಂದೇ ಬರೆದು ಸರಾಸರಿ ತೆಗೆಯುವುದು ಮೋಸ. ಈ ಇಲಿಗಳು ಬುರುಬುರು ಉಚ್ಚೆ ಹೊಯ್ಯುತ್ತವೆ. ಭತ್ತದ ಹೊಟ್ಟಿನ ಹಾಸು ದಿನವೂ ಬದಲಾಗಬೇಕು, ಮಳೆಗಾಲದಲ್ಲಿ ಇಲ್ಲವಾದರೆ ಅಮೋನಿಯ ವಾಸನೆಗೆ ನಿಮ್ಮ ಕಣ್ಣೇ ಉರಿಯುತ್ತದೆ.

ಇನ್ನು ಫಲಿತಾಂಶ ಓದುವುದು. ಮೂಲಿಕೆಯ ಸಾರವನ್ನು ವಿಷಕ್ಕೆ ಮೊದಲೇ ಒಂದು ವಾರ ಕುಡಿಸಿದ್ದರೆ ಅದು ಸಕ್ಕರೆ ಇಳಿಸಿತೋ, ವಿಷವನ್ನೇ ತಡೆಯಿತೋ ಹೇಳಲಾಗದು. ವಿಷ ತಡೆಯುವ ಮದ್ದು ವಿಷ ಕುಡಿಯದ ರೋಗಿಗೆ ಏತಕ್ಕೆ? ಕಹಿ ಸಾರ ಕುಡಿದ ಇಲಿ ಮೇವೇ ಬಿಟ್ಟರೂ ಸಕ್ಕರೆ ಇಳಿಯುತ್ತದೆ, ಆದ್ದರಿಂದ ದಿನಕ್ಕೆ ತಿಂದದ್ದೆಷ್ಟು, ತೂಕವೆಷ್ಟು ಎಂಬ ಕೋಷ್ಟಕವಿಲ್ಲದ ಪ್ರಬಂಧವನ್ನು ಪಕ್ಕಕ್ಕಿಡಿ. ಹೋಲಿಕೆಗೆಂದು ಕೊಡುವ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಕಾಯಿಲೆಯ ಮದ್ದು ಕೆಲಸ ಮಾಡುವುದು ಬದುಕಿರುವ ಬೀಟಾ ಕೋಶದ ಮೇಲೆ. ಅದು ಚೆನ್ನಾಗಿ ಕೆಲಸ ಮಾಡಿದೆ ಎಂದರೆ ಬೀಟಾ ಕೋಶ ಸಾಕಷ್ಟು ಉಳಿದಿವೆ ಎಂದೇ ಅರ್ಥ. ಹಾಗೆ ಉಳಿದ ಇಲಿ ಕೆಲವು ವಾರಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳಬಹುದು. ಸಾರ ಕೊಡದ ರೋಗಿ ಇಲಿಗಳ ಗುಂಪು ಕೊನೆಯ ದಿನದವರೆಗೂ ಇರಲೇಬೇಕಾದ್ದು ಇದಕ್ಕೇ.

ಟೈಪ್ 2 ಬೇಕಾದರೆ ಮೊದಲು ಕೊಬ್ಬಿನ ಮೇವು ತಿನ್ನಿಸಿ ಇನ್ಸುಲಿನ್ ಮಾತು ಕೇಳದ ಮೈ ಮಾಡಿಕೊಂಡು, ಆಮೇಲೆ ಕಿಲೋಗೆ 35 ಮಿಲಿಗ್ರಾಂ ಆಸುಪಾಸಿನ ಸಣ್ಣ ಡೋಸ್ ಕೊಡುವ ದಾರಿಯಿದೆ. ಕೊಬ್ಬಿನ ಮೇವು ನಮ್ಮ ಮಳೆಯಲ್ಲಿ ಬೇಗ ಕಮಟುತ್ತದೆ, ಫ್ರಿಜ್‌ನಲ್ಲಿಟ್ಟು ಎರಡು ದಿನಕ್ಕೊಮ್ಮೆ ಹೊಸದು ಹಾಕಿ. ಹುಟ್ಟಿನಿಂದಲೇ ದಪ್ಪಗಾಗುವ ಡಿಬಿ/ಡಿಬಿ ಸುಂಡಿಲಿ, ಜುಕರ್ ಇಲಿಗಳೂ ಇವೆ, ಬೆಲೆ ದುಬಾರಿ.

ಕೊನೆಗೆ ಅಳತೆ. ಇಲಿಗೆ ಕಿಲೋಗೆ 400 ಮಿಲಿಗ್ರಾಂ ಸಾರ ಎಂದಿದ್ದರೆ ಮನುಷ್ಯರಿಗೆ 6.2ರಿಂದ ಭಾಗಿಸುವುದು ವಾಡಿಕೆ: ಕಿಲೋಗೆ ಸುಮಾರು 65 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ದಿನಕ್ಕೆ 3.9 ಗ್ರಾಂ ಸಾರವಾಯಿತು. 100 ಗ್ರಾಂ ಒಣಬೇರಿಗೆ 10 ಗ್ರಾಂ ಸಾರ ಸಿಗುತ್ತದೆ ಎಂದಿಟ್ಟುಕೊಂಡರೆ ಅದಕ್ಕೆ 39 ಗ್ರಾಂ ಬೇರು ಬೇಕು. ಸಂತೆಯವನು ಹೇಳುವುದು ಅರ್ಧ ಚಮಚ.